ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಕೊಲಂಬಿಯಾ ನದಿಯ ಕಡಲಸಿಂಹಗಳ ಪ್ರಕರಣ

(ಪರಿಸರ ಅಧ್ಯಯನ ಶಿಬಿರವೊಂದರಲ್ಲಿ ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳ ಮುಂದೆ ಮಂಡಿಸಿದ ಉಪನ್ಯಾಸದ ಬರಹ ರೂಪ)



ಮುಂಗಾರಿನ ಮೊದಲ ದೊಡ್ಡ ಮಳೆಗೆ ಹಳ್ಳಗಳು ಕೆಂಪಾಗಿ ಹರಿಯತೊಡಗಿದೊಡನೆ ಹೊಳೆಯ ಮೀನುಗಳು ಪ್ರವಾಹಕ್ಕೆ ಎದುರಾಗಿ ಹಳ್ಳಕ್ಕೆ, ಹಳ್ಳದಿಂದ ಗದ್ದೆಯ ಕಾಲುವೆಗೆ ಏರಿ ಬರುವುದನ್ನು ಮಲೆನಾಡಿನವರು ಚೆನ್ನಾಗಿ ಬಲ್ಲರು. ಹತ್ತುಮೀನು ಎಂದೇ ಅದಕ್ಕೆ ಹೆಸರು. ಮೊಟ್ಟೆಯಿಡುವ ಆತುರದಲ್ಲಿ ಏರುವ ಈ ಮೀನಿನ ದಾರಿಗೆ ಒಂದೆಡೆ ಅಡ್ಡಗಟ್ಟಿದರೆ ಸಾಕು, ಅದು ಮುಂದೆ ಹೋಗಲಾರದೆ, ಹಿಂದಕ್ಕೂ ಹೋಗಲೊಲ್ಲದೆ ಆ ಅಡ್ಡದ ಬುಡದಲ್ಲೇ ಗುಂಪುಗೂಡಿ ನಿಲ್ಲುತ್ತದೆ. ಆಗ ಅದನ್ನು ಹಿಡಿಯಲು ದೊಡ್ಡ ಬಲೆಯಾಗಲಿ ದೊಡ್ಡ ಜಾಣತನವಾಗಲಿ ಬೇಕಿಲ್ಲ. ಈ ಒಂದು ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡರೆ, ಭೂಮಿಯ ಇನ್ನೊಂದು ಮಗ್ಗುಲಿನಲ್ಲಿ, ಅಮೆರಿಕದ ವಾಯವ್ಯ ಭಾಗದ ಕೊಲಂಬಿಯಾ ನದಿಯಲ್ಲಿ ಸಾಲ್ಮನ್ ಮೀನನ್ನು ಉಳಿಸುವ ಹೆಸರಿನಲ್ಲಿ ಕಡಲಸಿಂಹಗಳನ್ನು ಕೊಲ್ಲುತ್ತ ಬಂದಿರುವ ಪ್ರಕರಣವು ಸುಲಭವಾಗಿ ಅರ್ಥವಾಗುತ್ತದೆ.

ಇಲ್ಲಿ ಕೊಲ್ಲುವವರು ಕಾಡುಗಳ್ಳರಲ್ಲ, ಮೋಜಿನ ಬೇಟೆಗಾರರೂ ಅಲ್ಲ. ಸರ್ಕಾರಗಳೇ ಕಾನೂನಿನ ಅನುಮತಿಯೊಂದಿಗೆ, ಪಶುವೈದ್ಯರ ಸಮಕ್ಷಮದಲ್ಲಿ, ಸಂರಕ್ಷಣೆಯ ಹೆಸರಿನಲ್ಲಿ ಈ ಕೆಲಸ ನಡೆಸಿವೆ. ಒಂದು ಜೀವಿಯನ್ನು ಉಳಿಸಲು ಇನ್ನೊಂದನ್ನು ಕೊಲ್ಲುವುದು ಯಾವಾಗ ನ್ಯಾಯ, ಯಾವಾಗ ನೆಪ? ಈ ಉಪನ್ಯಾಸದ ಪ್ರಶ್ನೆ ಇಷ್ಟೇ.

ನದಿ ಮತ್ತು ಮೀನು

ಕೊಲಂಬಿಯಾ ನದಿ ಕೆನಡಾದ ಪರ್ವತಗಳಲ್ಲಿ ಹುಟ್ಟಿ, ಸುಮಾರು 2,000 ಕಿಲೋಮೀಟರ್ ಹರಿದು, ವಾಷಿಂಗ್ಟನ್ ಮತ್ತು ಆರೆಗಾನ್ ರಾಜ್ಯಗಳ ಗಡಿಯಲ್ಲಿ ಪೆಸಿಫಿಕ್ ಸಾಗರವನ್ನು ಸೇರುತ್ತದೆ. ಈ ನದಿಯ ಮತ್ತು ಅದರ ಉಪನದಿಗಳ ತಣ್ಣನೆಯ ತೊರೆಗಳ ಜಲ್ಲಿಕಲ್ಲುಗಳ ನಡುವೆ ಸಾಲ್ಮನ್ ಮೊಟ್ಟೆಯೊಡೆದು ಹೊರಬರುತ್ತದೆ. ಮರಿ ಸಿಹಿನೀರಿನಲ್ಲಿ ಕೆಲಕಾಲ ಬೆಳೆದು ಪ್ರವಾಹದೊಡನೆ ಕಡಲಿಗಿಳಿಯುತ್ತದೆ. ಅಲ್ಲಿ ಕೆಲವು ವರ್ಷ ಮೇದು ಬಲಿತ ಮೇಲೆ, ತಾನು ಹುಟ್ಟಿದ ತೊರೆಯ ವಾಸನೆಯ ಜಾಡು ಹಿಡಿದು ಮತ್ತೆ ಅದೇ ನೀರಿಗೆ ಏರಿಬರುತ್ತದೆ. ಏರುವಾಗ ಅದು ಆಹಾರವನ್ನೇ ಮುಟ್ಟುವುದಿಲ್ಲ. ಮೈಯ ಕೊಬ್ಬನ್ನು ಕರಗಿಸಿಕೊಂಡೇ ನೂರಾರು ಕಿಲೋಮೀಟರ್ ಈಜುತ್ತದೆ. ಮೊಟ್ಟೆಯಿಟ್ಟ ಮೇಲೆ ಸಾಯುತ್ತದೆ. ಸತ್ತ ಮೀನನ್ನು ಕರಡಿ, ಹದ್ದುಗಳು ದಡಕ್ಕೆ ಎಳೆದು ತಿನ್ನುತ್ತವೆ. ಉಳಿದದ್ದು ಮರಗಳ ಬೇರಿಗೆ ಗೊಬ್ಬರವಾಗುತ್ತದೆ. ಕಡಲಿನ ಸಾರಜನಕ ಬೆಟ್ಟದ ಮರಗಳಲ್ಲಿ ಸೇರಿರುವುದನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಕಾಡು ನದಿಯನ್ನು ಪೊರೆಯುತ್ತದೆ ಎಂಬುದು ಎಲ್ಲರಿಗೂ ತಿಳಿದ ಮಾತು. ಅಲ್ಲಿ ನದಿಯ ಮೀನೂ ಕಾಡನ್ನು ಪೊರೆಯುತ್ತದೆ.

ಐರೋಪ್ಯ ಮೂಲದ ವಲಸಿಗರು ಬರುವ ಮೊದಲು ವರ್ಷಕ್ಕೆ 1 ಕೋಟಿಯಿಂದ 1.6 ಕೋಟಿಯಷ್ಟು ಸಾಲ್ಮನ್ ಮತ್ತು ಅದರ ಹತ್ತಿರದ ಬಂಧುವಾದ ಸ್ಟೀಲ್‌ಹೆಡ್ ಮೀನುಗಳು ಕೊಲಂಬಿಯಾಕ್ಕೆ ಮರಳುತ್ತಿದ್ದವೆಂದು ಅಂದಾಜು. ಇಪ್ಪತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಅದು ಅದರ ಸಣ್ಣದೊಂದು ಪಾಲಿಗೆ ಇಳಿದಿತ್ತು. ಅದರಲ್ಲಿಯೂ ಬಹುಭಾಗ ಮೀನುಮರಿ ಸಾಕಣೆ ಕೇಂದ್ರಗಳಲ್ಲಿ ಹುಟ್ಟಿದವು. ಈ ಕೊಳ್ಳದ ಸಾಲ್ಮನ್ ಮತ್ತು ಸ್ಟೀಲ್‌ಹೆಡ್‌ಗಳ 13 ಸಮುದಾಯಗಳು ಅಳಿವಿನಂಚಿನ ಜೀವಿಗಳ ಕಾಯಿದೆಯ ಪಟ್ಟಿಗೆ ಸೇರಿದವು. ಉಪನದಿಯಾದ ಸ್ನೇಕ್ ನದಿಯ ಮೇಲ್ಭಾಗದಲ್ಲಿ, ಕಡಲಿನಿಂದ ಸುಮಾರು 1,450 ಕಿಲೋಮೀಟರ್ ದೂರದಲ್ಲಿ, ರೆಡ್‌ಫಿಶ್ ಎಂಬ ಸರೋವರವಿದೆ. ಹಿಂದೊಮ್ಮೆ ಅಲ್ಲಿಗೆ ಮರಳುತ್ತಿದ್ದ ಸಾಕೈ ಜಾತಿಯ ಕೆಂಪು ಸಾಲ್ಮನ್‌ಗಳಿಂದಲೇ ಅದಕ್ಕೆ ಆ ಹೆಸರು. 1992ರಲ್ಲಿ ಆ ಸರೋವರಕ್ಕೆ ಮರಳಿದ ಸಾಕೈ ಒಂದೇ ಒಂದು, ಅದೂ ಗಂಡು.

ಯಾರು ಈ ಕಡಲಸಿಂಹ?

ಕಡಲಸಿಂಹವು ಮೀನಲ್ಲ, ಮರಿಗೆ ಹಾಲೂಡಿಸುವ ಸಸ್ತನಿ. ನೀರಿನಲ್ಲಿ ಬೇಟೆಯಾಡಿ, ಬಂಡೆಯ ಮೇಲೆ ಬಿಸಿಲು ಕಾಯುವ ಪ್ರಾಣಿ. ಕೊಲಂಬಿಯಾ ನದಿಗೆ ಬರುವವುಗಳಲ್ಲಿ ಎರಡು ಜಾತಿ: ಕ್ಯಾಲಿಫೋರ್ನಿಯಾ ಕಡಲಸಿಂಹ ಮತ್ತು ಅದಕ್ಕಿಂತ ಬಹಳ ದೊಡ್ಡದಾದ ಸ್ಟೆಲ್ಲರ್ ಕಡಲಸಿಂಹ. ಕ್ಯಾಲಿಫೋರ್ನಿಯಾ ಜಾತಿಯ ಹೆಣ್ಣುಗಳು ದಕ್ಷಿಣದ ದ್ವೀಪಗಳ ಸುತ್ತಮುತ್ತಲೇ ಉಳಿಯುತ್ತವೆ. ಬೇಸಿಗೆಯ ಸಂತಾನಕಾಲ ಮುಗಿದ ಮೇಲೆ ಗಂಡುಗಳು ಮಾತ್ರ ಆಹಾರವನ್ನರಸಿ ಉತ್ತರಕ್ಕೆ ಬರುತ್ತವೆ. ಅವುಗಳಲ್ಲಿ ಕೆಲವು ವಸಂತಕಾಲದಲ್ಲಿ ನದಿಯನ್ನೇರುತ್ತವೆ.

ಇವು ನದಿಗೆ ಹೊಸಬರೆಂದು ಕೆಲವರು ವಾದಿಸುವುದುಂಟು. ಆದರೆ ಸಾಲ್ಮನ್, ಕಡಲಸಿಂಹ, ಸೀಲ್ ಇವೆಲ್ಲ ಸಾವಿರಾರು ವರ್ಷ ಒಂದೇ ನೀರನ್ನು ಹಂಚಿಕೊಂಡು ಬದುಕಿದವು. 1805ರಲ್ಲಿ ಈ ನದಿಯಲ್ಲಿಳಿದ ಲೂಯಿಸ್ ಮತ್ತು ಕ್ಲಾರ್ಕ್‌ರ ತಂಡ ಕಡಲಿನಿಂದ ಬಹುದೂರದ ಒಳನಾಡಿನಲ್ಲಿ ಸೀಲ್‌ಗಳನ್ನು ಕಂಡಿತ್ತು. ಆಗ ನದಿಯ ತುಂಬ ಮೀನೂ ಇತ್ತು. ತಿನ್ನುವ ಪ್ರಾಣಿ ಇದ್ದೂ ಮೀನು ತುಂಬಿತ್ತೆಂದ ಮೇಲೆ, ಮೀನು ಬರಿದಾದುದಕ್ಕೆ ಬೇರೆ ಕಾರಣಗಳನ್ನು ಹುಡುಕಬೇಕಲ್ಲವೇ?

ಬರಿದಾದ ಬಗೆ

ಕೊಲಂಬಿಯಾದ ದಡದಲ್ಲಿ ಸಾಲ್ಮನ್ ಮಾಂಸವನ್ನು ಡಬ್ಬಿಗೆ ತುಂಬುವ ಮೊದಲ ಕಾರ್ಖಾನೆ 1866ರಲ್ಲಿ ಆರಂಭವಾಯಿತು. ಕೇವಲ 17 ವರ್ಷಗಳಲ್ಲಿ, 1883ರಲ್ಲಿ, ಚಿನೂಕ್ ಜಾತಿಯ ಸಾಲ್ಮನ್ ಒಂದನ್ನೇ 19 ಸಾವಿರ ಟನ್ನಿಗಿಂತ ಹೆಚ್ಚು ಹಿಡಿಯಲಾಯಿತು. ಅದೇ ಶಿಖರ, ಅಲ್ಲಿಂದ ಮುಂದೆ ಇಳಿಜಾರು. ಜೊತೆಗೆ ಮರ ಕಡಿತದಿಂದ ತೊರೆಗಳಿಗೆ ಮಣ್ಣು ತುಂಬಿತು. ನೀರಾವರಿ ಕಾಲುವೆಗಳು ಹರಿವನ್ನು ಕದ್ದವು. ಗಣಿಗಳು ನೀರನ್ನು ಕೆಡಿಸಿದವು.

ಬಳಿಕ ಬಂದವು ಅಣೆಕಟ್ಟುಗಳು. ಕಡಲಿನಿಂದ ಸುಮಾರು 235 ಕಿಲೋಮೀಟರ್ ಮೇಲಿರುವ ಬಾನೆವಿಲ್ ಅಣೆಕಟ್ಟು 1938ರಲ್ಲಿ ಪೂರ್ಣಗೊಂಡಿತು. ಅದಕ್ಕೆ ಮೀನುಗಳು ಹತ್ತಲೆಂದು ಮೆಟ್ಟಿಲುಮೆಟ್ಟಿಲಾದ ನೀರಿನ ದಾರಿ, ಅಂದರೆ ಮೀನೇಣಿಯನ್ನು ಕಟ್ಟಲಾಯಿತು. ಅದರಾಚೆ 1940ರ ದಶಕದ ಆರಂಭದಲ್ಲಿ ಎದ್ದ ಬೃಹತ್ ಗ್ರ್ಯಾಂಡ್ ಕೂಲಿ ಅಣೆಕಟ್ಟಿಗೆ ಮೀನೇಣಿಯೇ ಇಲ್ಲ. ಆ ಗೋಡೆಯ ಮೇಲಿನ ಇಡೀ ನದೀಭಾಗ, ಕೆನಡಾದ ತೊರೆಗಳೂ ಸೇರಿದಂತೆ, ಸಾಲ್ಮನ್‌ಗೆ ಒಮ್ಮೆಲೇ ಮುಚ್ಚಿಹೋಯಿತು. 1957ರ ಮಾರ್ಚ್ 10ರಂದು ದಿ ಡ್ಯಾಲ್ಸ್ ಅಣೆಕಟ್ಟಿನ ಬಾಗಿಲುಗಳನ್ನು ಇಳಿಸಲಾಯಿತು. ಮೂಲನಿವಾಸಿಗಳು ಸಹಸ್ರಾರು ವರ್ಷಗಳಿಂದ ಮೀನು ಹಿಡಿಯುತ್ತಿದ್ದ ಸೆಲೈಲೋ ಜಲಪಾತ ಕೆಲವೇ ಗಂಟೆಗಳಲ್ಲಿ ನೀರಿನಡಿ ಸೇರಿತು. 1962 ಮತ್ತು 1975ರ ನಡುವೆ ಕೆಳ ಸ್ನೇಕ್ ನದಿಗೆ ಇನ್ನೂ ನಾಲ್ಕು ಅಣೆಕಟ್ಟುಗಳಾದವು. ರೆಡ್‌ಫಿಶ್ ಸರೋವರದ ಮೀನು ಇಂದು ಹೋಗುವಾಗ ಎಂಟು, ಬರುವಾಗ ಎಂಟು ಗೋಡೆಗಳನ್ನು ದಾಟಬೇಕು.

ಗೋಡೆ ದಾಟುವುದೆಂದರೆ ಬರಿಯ ಹತ್ತುವಿಕೆಯಲ್ಲ. ಕೆಳಗಿಳಿಯುವ ಮರಿಗಳಲ್ಲಿ ಕೆಲವು ಟರ್ಬೈನಿನ ಒತ್ತಡಕ್ಕೆ, ಅಲಗಿಗೆ ಸಿಕ್ಕಿ ಸಾಯುತ್ತವೆ. ಹಿಂದೆ ಪ್ರವಾಹವೇ ಹೊತ್ತೊಯ್ಯುತ್ತಿದ್ದ ಮರಿಗಳು ಈಗ ನಿಂತ ಜಲಾಶಯಗಳಲ್ಲಿ ತಾವೇ ಈಜಿ ದಾರಿ ಸವೆಸಬೇಕು. ನಿಂತ ನೀರು ಬಿಸಿಯೇರುತ್ತದೆ. 2015ರ ಬೇಸಿಗೆಯಲ್ಲಿ ನದಿ ಕಾದು, ಕಡಲಿನಿಂದ ಏರಿಬಂದ ಸಾಕೈಗಳಲ್ಲಿ ಎರಡೂವರೆ ಲಕ್ಷಕ್ಕಿಂತ ಹೆಚ್ಚು ಮೊಟ್ಟೆಯಿಡುವ ಮೊದಲೇ ಸತ್ತವು. ಆ ಸಾವುಗಳಿಗೆ ಹಲ್ಲಿನ ಗುರುತಿರಲಿಲ್ಲ. ಆದ್ದರಿಂದ ಯಾರನ್ನೂ ಬಲೆಗೆ ಕೆಡವಲಾಗಲಿಲ್ಲ.

ಅಣೆಕಟ್ಟೇ ಬಡಿಸಿದ ಎಲೆ

ಹತ್ತುಮೀನಿನ ಮಾತನ್ನು ಇಲ್ಲಿ ಮತ್ತೆ ನೆನೆಯಬೇಕು. ಬಾನೆವಿಲ್‌ನ ಬುಡದಲ್ಲಿ, ನೊರೆಯುಕ್ಕುವ ನೀರಿನಲ್ಲಿ, ಏಣಿಯ ಬಾಯಿ ಎಲ್ಲಿದೆಯೆಂದು ತಿಳಿಯದೆ ಸಾಲ್ಮನ್‌ಗಳು ಸುತ್ತುತ್ತವೆ. ವಿಶಾಲವಾದ ನದಿಯಲ್ಲಿ ಹರಡಿ ಹೋಗಬೇಕಾದ ಮೀನು ಒಂದು ಗೋಡೆಯ ಕೆಳಗೆ ಕಿಕ್ಕಿರಿಯುತ್ತದೆ. ಕಡಲಸಿಂಹಕ್ಕೆ ಇದಕ್ಕಿಂತ ಸುಲಭವಾದ ಊಟ ಕಡಲಿನಲ್ಲಿಲ್ಲ. ಮೊದಮೊದಲು ಬೆರಳೆಣಿಕೆಯಷ್ಟು ಬಂದವು. 2002ರ ಸುಮಾರಿಗೆ ಹತ್ತಾರು, ಬಳಿಕ ನೂರರ ಆಸುಪಾಸು. ಒಂದು ಗಂಡು ದಾರಿ ಕಲಿತರೆ ಮರುವರ್ಷ ತಪ್ಪದೆ ಬರುತ್ತದೆ, ಅದರ ಹಿಂದೆ ಬೇರೆಯವೂ ಬರುತ್ತವೆ. ಮೀನೇಣಿಯ ಬಾಯಿಗೆ ಕಂಬಿಯ ಬಾಗಿಲು ಹಾಕಿದರು. ಪಟಾಕಿ ಸಿಡಿಸಿದರು, ರಬ್ಬರ್ ಗುಂಡು ಹೊಡೆದರು, ದೋಣಿಯಲ್ಲಿ ಅಟ್ಟಿದರು. ಹಸಿದ ಪ್ರಾಣಿ ಸ್ವಲ್ಪ ಸರಿದು, ಸದ್ದಿಗೆ ಒಗ್ಗಿಕೊಂಡು ಮತ್ತೆ ಬಂದಿತು. ಗದ್ದೆಯಲ್ಲಿ ಗರ್ನಾಲು ಹೊಡೆದು ಮಂಗ ಓಡಿಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಕಾನೂನು ಮತ್ತು ಕೊಲೆ

ಒಂದು ಕಾಲದಲ್ಲಿ ಆ ಕರಾವಳಿಯಲ್ಲಿ ಕಡಲಸಿಂಹವನ್ನು ಮೀನುಗಳ್ಳನೆಂದು ಕೊಲ್ಲುವವರಿಗೆ ಬಹುಮಾನ ಕೊಡಲಾಗುತ್ತಿತ್ತು. ಎಣ್ಣೆಗಾಗಿ, ಚರ್ಮಕ್ಕಾಗಿ, ಸಿಟ್ಟಿಗಾಗಿ ಕೊಂದು ಅವುಗಳ ಸಂಖ್ಯೆ ಕುಸಿದಿತ್ತು. ಗಮನಿಸಬೇಕಾದುದೆಂದರೆ, ಅವು ಅತಿ ಕಡಿಮೆಯಿದ್ದ ಆ ದಶಕಗಳಲ್ಲೇ ಸಾಲ್ಮನ್ ಕೂಡ ಕುಸಿಯುತ್ತ ಹೋಯಿತು. 1972ರಲ್ಲಿ ಅಮೆರಿಕವು ಕಡಲ ಸಸ್ತನಿಗಳ ಸಂರಕ್ಷಣಾ ಕಾಯಿದೆಯನ್ನು ಜಾರಿಗೆ ತಂದಿತು. ಭಾರತದ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದದ್ದೂ ಅದೇ 1972ರಲ್ಲಿ. ಕಾನೂನಿನ ನೆರಳಿನಲ್ಲಿ ಕ್ಯಾಲಿಫೋರ್ನಿಯಾ ಕಡಲಸಿಂಹಗಳು ಚೇತರಿಸಿಕೊಂಡವು. 1975ರಲ್ಲಿ 90 ಸಾವಿರಕ್ಕೂ ಕಡಿಮೆಯಿದ್ದವು 2012ರ ವೇಳೆಗೆ 3 ಲಕ್ಷ ಮುಟ್ಟಿದವು. ಅದು ಸಂರಕ್ಷಣೆಯ ದೊಡ್ಡ ಗೆಲುವು. ಆದರೆ ಗೆದ್ದ ಪ್ರಾಣಿಗೆ ಮರಳಿ ಸಿಕ್ಕ ನದಿ ಹಳೆಯ ನದಿಯಾಗಿರಲಿಲ್ಲ.

ಮೊದಲ ಘರ್ಷಣೆ ಸಿಯಾಟಲ್ ನಗರದ ಬ್ಯಾಲಾರ್ಡ್ ಎಂಬಲ್ಲಿ ನಡೆಯಿತು. ಅಲ್ಲಿ ಹಡಗುಗಳಿಗಾಗಿ ಕಟ್ಟಿದ ಬಾಗಿಲುಗಳ ಪಕ್ಕದ ಕಿರಿದಾದ ಮೀನೇಣಿಯ ಬಳಿ 1980ರ ದಶಕದಲ್ಲಿ ಕಡಲಸಿಂಹಗಳು ಸ್ಟೀಲ್‌ಹೆಡ್‌ಗಾಗಿ ಕಾದು ಕೂತವು. ಜನ ಅವುಗಳಿಗೆ ಹರ್ಷೆಲ್ ಎಂದು ಹೆಸರಿಟ್ಟರು. ಅವುಗಳನ್ನು ಹಿಡಿದು ದೂರದ ಕ್ಯಾಲಿಫೋರ್ನಿಯಾಕ್ಕೆ ಸಾಗಿಸಿದರೂ ಕೆಲವೇ ವಾರಗಳಲ್ಲಿ ಮರಳಿದವು. 1996ರಲ್ಲಿ ಫೈಬರಿನಿಂದ ಮಾಡಿದ ನಕಲಿ ಓರ್ಕಾ ತಿಮಿಂಗಿಲವನ್ನು ನೀರಿಗಿಳಿಸಿದರು. ಅದಕ್ಕೂ ಹೆದರಲಿಲ್ಲ. ಕೊನೆಗೆ ಮೂರು ಪ್ರಾಣಿಗಳನ್ನು ಫ್ಲಾರಿಡಾದ ಪ್ರದರ್ಶನಾಲಯಕ್ಕೆ ಕಳುಹಿಸಲಾಯಿತು. ಅಷ್ಟರಲ್ಲಿ, ಸಾವಿರಗಳಲ್ಲಿದ್ದ ಸ್ಟೀಲ್‌ಹೆಡ್ 1994ರ ಹೊತ್ತಿಗೆ 70ಕ್ಕೆ ಇಳಿದಿತ್ತು. ಕಡಲಸಿಂಹ ಹೋದ ಮೇಲೂ ಆ ಮೀನು ಮರಳಲಿಲ್ಲ.

ಈ ಹಿನ್ನೆಲೆಯಲ್ಲಿ 1994ರಲ್ಲಿ ಕಾಯಿದೆಗೆ ತಿದ್ದುಪಡಿಯಾಯಿತು. ಅಪಾಯದಲ್ಲಿರುವ ಸಾಲ್ಮನ್‌ಗೆ ಗಣನೀಯ ಹಾನಿ ಮಾಡುತ್ತಿರುವುದಾಗಿ ಬಿಡಿಬಿಡಿಯಾಗಿ ಗುರುತಿಸಲ್ಪಟ್ಟ ಪ್ರಾಣಿಗಳನ್ನು ಮಾತ್ರ ಕೊಲ್ಲಲು ರಾಜ್ಯಗಳಿಗೆ ಅನುಮತಿ ನೀಡಬಹುದೆಂಬುದು ಅದರ ಸಾರ. ಗುರುತಿಸುವುದಕ್ಕಾಗಿ ಕಡಲಸಿಂಹಗಳ ಮೈಮೇಲೆ ಕಾದ ಕಬ್ಬಿಣದಿಂದ ಅಕ್ಷರ, ಅಂಕಿಗಳ ಬರೆ ಎಳೆಯಲಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆ ಇಲ್ಲಿ ಅಕ್ಷರಶಃ ನಡೆಯಿತು.

2008ರ ಮಾರ್ಚ್‌ನಲ್ಲಿ ಒಕ್ಕೂಟ ಸರ್ಕಾರದ ಮೀನುಗಾರಿಕಾ ಸಂಸ್ಥೆಯು ಬಾನೆವಿಲ್‌ನಲ್ಲಿ ವರ್ಷಕ್ಕೆ 85ರವರೆಗೆ ಕ್ಯಾಲಿಫೋರ್ನಿಯಾ ಕಡಲಸಿಂಹಗಳನ್ನು ತೆಗೆದುಹಾಕಲು ಆರೆಗಾನ್, ವಾಷಿಂಗ್ಟನ್ ಮತ್ತು ಐಡಹೋ ರಾಜ್ಯಗಳಿಗೆ ಅನುಮತಿ ಕೊಟ್ಟಿತು. ಪ್ರಾಣಿಗಳು ಬಿಸಿಲು ಕಾಯಲು ಹತ್ತುವ ತೇಲುವ ಕಟ್ಟೆಗಳೇ ಬೋನುಗಳಾದವು. ಅದೇ ವರ್ಷದ ಮೇ ತಿಂಗಳಲ್ಲಿ ಆರು ಕಡಲಸಿಂಹಗಳು ಮುಚ್ಚಿದ ಬೋನುಗಳಲ್ಲಿ ಸತ್ತುಬಿದ್ದಿದ್ದವು. ಯಾರೋ ಗುಂಡಿಕ್ಕಿದರೆಂದು ಮೊದಲು ಸುದ್ದಿಯಾಯಿತು. ಪರೀಕ್ಷೆಯಲ್ಲಿ ಗುಂಡಿನ ಸಾವಲ್ಲವೆಂದು ತಿಳಿಯಿತು. ಮೈಕಾದು ಸತ್ತಿರುವ ಸಂಭವವೇ ಹೆಚ್ಚೆನ್ನಲಾಯಿತು. ಅವುಗಳಲ್ಲಿ ಎರಡು, ಕೊಲ್ಲಲು ಅನುಮತಿಯೇ ಇಲ್ಲದಿದ್ದ ಸ್ಟೆಲ್ಲರ್ ಜಾತಿಯವು.

ಲೆಕ್ಕ ಕೇಳಿದ ನ್ಯಾಯಾಲಯ

ಪ್ರಾಣಿದಯಾ ಸಂಘಟನೆಯಾದ ಅಮೆರಿಕದ ಹ್ಯೂಮೇನ್ ಸೊಸೈಟಿ ನ್ಯಾಯಾಲಯದ ಮೆಟ್ಟಿಲೇರಿತು. 2010ರ ನವೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯವು ಆ ಅನುಮತಿಯನ್ನು ತಳ್ಳಿಹಾಕಿತು. ಅಲ್ಲಿ ಚರ್ಚೆಗೆ ಬಂದ ಅಂಕಿಗಳು ಗಮನಾರ್ಹ. 2002ರಿಂದ 2009ರವರೆಗೆ ಅಣೆಕಟ್ಟಿನ ಕೆಳಗೆ ಕಡಲಸಿಂಹಗಳು ತಿಂದದ್ದು ಏರಿಬರುವ ಸಾಲ್ಮನ್‌ಗಳಲ್ಲಿ ಶೇಕಡಾ 0.4ರಿಂದ 4.2ರಷ್ಟು. ಅದೇ ನದಿಯಲ್ಲಿ ಮನುಷ್ಯರ ಮೀನುಗಾರಿಕೆಗೆ ಬಿಟ್ಟುಕೊಟ್ಟ ಪಾಲು ಶೇಕಡಾ 5.5ರಿಂದ 17. ದೊಡ್ಡ ಪಾಲನ್ನು ಗಣನೀಯವಲ್ಲವೆಂದ ಸಂಸ್ಥೆಯೇ ಸಣ್ಣ ಪಾಲನ್ನು ಗಣನೀಯವೆನ್ನುವುದು ಹೇಗೆಂದು ನ್ಯಾಯಾಲಯ ಪ್ರಶ್ನಿಸಿತು. ಸಂಸ್ಥೆ ತೃಪ್ತಿಕರವಾದ ವಿವರಣೆ ನೀಡಿರಲಿಲ್ಲ.

ಇದರ ಪಕ್ಕಕ್ಕೆ ಇನ್ನೊಂದು ಲೆಕ್ಕವನ್ನಿಡಬಹುದು. ಒಕ್ಕೂಟ ಸರ್ಕಾರದ 2008ರ ಸಾಲ್ಮನ್ ಯೋಜನೆಯಲ್ಲಿ ಪ್ರತಿ ಅಣೆಕಟ್ಟನ್ನು ದಾಟುವ ವಸಂತಕಾಲದ ಮರಿಗಳಲ್ಲಿ ಶೇಕಡಾ 96 ಬದುಕುಳಿಯಬೇಕೆಂಬುದು ಗುರಿ. ಅಂದರೆ ಒಂದೊಂದು ಗೋಡೆಯೂ ಶೇಕಡಾ 4ರಷ್ಟು ಮರಿಗಳನ್ನು ಬಲಿ ಪಡೆಯಬಹುದು. ಅದು ಅಪರಾಧವಲ್ಲ, ಸಾಧನೆ. ಎಂಟು ಗೋಡೆಗಳಲ್ಲಿಯೂ ಆ ಗುರಿ ಮುಟ್ಟಿದರೂ ನೂರು ಮರಿಗಳಲ್ಲಿ ಕಡೆಗೆ ಉಳಿಯುವುದು ಸುಮಾರು 72. ಜಲಾಶಯಗಳ ದೀರ್ಘ ಪಯಣದಲ್ಲಿ ಸಾಯುವವು ಈ ಲೆಕ್ಕದಿಂದ ಹೊರಗೆ. ಹಲ್ಲಿರುವ ಪ್ರಾಣಿಯ ಶೇಕಡಾ 4 ಮರಣದಂಡನೆಗೆ ಕಾರಣ, ಕಾಂಕ್ರೀಟಿನ ಶೇಕಡಾ 4 ಯೋಜನೆಯ ಯಶಸ್ಸು!

ಇನ್ನೊಂದು ಮಗ್ಗುಲು

ಚಳವಳಿ ನಡೆಸುವವರು ತಮ್ಮ ವಾದಕ್ಕೆ ಒಗ್ಗದ ಸತ್ಯಗಳನ್ನೂ ಎದುರಿಸಬೇಕು. ಮರಿಮೀನಿನ ಸಾವು, ಮೊಟ್ಟೆ ತುಂಬಿ ಏರಿಬಂದ ತಾಯಿಮೀನಿನ ಸಾವು ಎರಡೂ ಸಮವಲ್ಲ. ಕಡಲಿನ ಎಲ್ಲ ಗಂಡಾಂತರಗಳನ್ನು ದಾಟಿ ಬಂದ ಒಂದು ಮೀನಿನ ಬೆಲೆ ನೂರಾರು ಮರಿಗಳಿಗಿಂತ ಹೆಚ್ಚು. ಅಲ್ಲದೆ, ಅಣೆಕಟ್ಟಿನ ಬುಡದಲ್ಲಿ ಕಣ್ಣಿಗೆ ಕಂಡದ್ದು ಮಾತ್ರ ಪೂರ್ತಿ ಲೆಕ್ಕವಲ್ಲ. ಸರ್ಕಾರಿ ವಿಜ್ಞಾನಿಗಳು 2010ರಿಂದ 2015ರವರೆಗೆ ಅಳಿವೆಯಲ್ಲಿ ಚಿನೂಕ್‌ಗಳಿಗೆ ಗುರುತು ಹಾಕಿ ಬಿಟ್ಟು ಅಧ್ಯಯನ ನಡೆಸಿದರು. ಮೀನುಗಾರರು ಹಿಡಿದದ್ದನ್ನು ಕಳೆದ ಮೇಲೂ, ವರ್ಷದಿಂದ ವರ್ಷಕ್ಕೆ ಬದಲಾಗುತ್ತ, ಐದರಲ್ಲಿ ಒಂದು ಪಾಲಿನಿಂದ ಹಿಡಿದು ಐದರಲ್ಲಿ ಎರಡು ಪಾಲಿಗೂ ಮೀರಿದಷ್ಟು ಮೀನುಗಳು ಬಾನೆವಿಲ್ ತಲುಪುವ ಮೊದಲೇ ಇಲ್ಲವಾದವೆಂದು ಅವರ ಅಂದಾಜು. ಅದರಲ್ಲಿ ಕಡಲಸಿಂಹಗಳ ಪಾತ್ರ ದೊಡ್ಡದೆಂದು ಅವರು ಭಾವಿಸಿದರು.

ಉಪನದಿಯಾದ ವಿಲಾಮೆಟ್ ನದಿಯ ಜಲಪಾತದ ಬಳಿಯ ಸಂಗತಿ ಇನ್ನೂ ಗಂಭೀರ. 2017ರಲ್ಲಿ ಅದನ್ನು ದಾಟಿದ ಚಳಿಗಾಲದ ಕಾಡು ಸ್ಟೀಲ್‌ಹೆಡ್‌ಗಳು ಸಾವಿರಕ್ಕೂ ಕಡಿಮೆ. 2018ರಲ್ಲಿ ಅಲ್ಲಿಂದ ಕಡಲಸಿಂಹಗಳನ್ನು ಹಿಡಿದು ಕಡಲ ತೀರದಲ್ಲಿ ಬಿಟ್ಟರೆ ಕೆಲವೇ ದಿನಗಳಲ್ಲಿ ಈಜಿ ಮರಳಿದವು. ಆ ವರ್ಷದ ಕೊನೆಯಲ್ಲಿ ಕೊಲ್ಲಲು ಅನುಮತಿ ದೊರೆಯಿತು. ನಂತರದ ವರ್ಷಗಳಲ್ಲಿ ಜಲಪಾತ ದಾಟುವ ಮೀನು ಹೆಚ್ಚಿತೆಂದು ಆರೆಗಾನ್ ರಾಜ್ಯದ ಇಲಾಖೆ ವರದಿ ಮಾಡಿತು. ಮೀನು ನೂರುಗಳಿಗೆ ಇಳಿದ ಮೇಲೆ, ಇಕ್ಕಟ್ಟಾದ ಜಾಗದಲ್ಲಿ, ಕೆಲವೇ ಪ್ರಾಣಿಗಳೂ ಒಂದು ಸಂತತಿಯನ್ನು ಮುಗಿಸಬಲ್ಲವೆಂಬುದು ದಿಟ.

ಮೂಲನಿವಾಸಿಗಳ ಧ್ವನಿಯನ್ನೂ ಆಲಿಸಬೇಕು. ಯಾಕಮಾ, ಉಮಟಿಲ್ಲಾ, ವಾರ್ಮ್ ಸ್ಪ್ರಿಂಗ್ಸ್ ಮತ್ತು ನೆಜ್ ಪರ್ಸ್ ಜನಾಂಗಗಳು 1855ರ ಒಪ್ಪಂದಗಳಲ್ಲಿ ತಮ್ಮ ನೆಲದ ಬಹುಭಾಗವನ್ನು ಬಿಟ್ಟುಕೊಟ್ಟಾಗಲೂ ಮೀನು ಹಿಡಿಯುವ ಹಕ್ಕನ್ನು ಬಿಟ್ಟುಕೊಟ್ಟಿರಲಿಲ್ಲ. ವರ್ಷದ ಮೊದಲ ಸಾಲ್ಮನ್ ಅವರಿಗೆ ಪೂಜ್ಯ. ಅಣೆಕಟ್ಟುಗಳಿಂದ ಅತಿ ಹೆಚ್ಚು ಕಳೆದುಕೊಂಡವರೂ ಅವರೇ. ಕಡಲಸಿಂಹಗಳ ನಿಯಂತ್ರಣಕ್ಕೆ ಅವರ ಸಂಘಟನೆಗಳು ಬೆಂಬಲವಿತ್ತಿವೆ. ಸ್ನೇಕ್ ನದಿಯ ಅಣೆಕಟ್ಟುಗಳನ್ನು ತೆಗೆಯಬೇಕೆಂಬ ಹೋರಾಟದ ಮುಂಚೂಣಿಯಲ್ಲಿಯೂ ಅವರಲ್ಲಿ ಹಲವರಿದ್ದಾರೆ. ಗೋಡೆಯನ್ನು ಕೆಡವಲು ಅಧಿಕಾರವಿಲ್ಲದವನು ಕೈಗೆಟಕುವ ಪರಿಹಾರವನ್ನು ಹಿಡಿಯುತ್ತಾನೆ. ಅವನನ್ನು ದೂರುವುದು ಸಲ್ಲದು. ಆ ಇಕ್ಕಟ್ಟಿಗೆ ಅವನನ್ನು ದೂಡಿದವರು ಯಾರೆಂದು ಕೇಳಬೇಕು.

ಬಿರುಕು ಬಾಗಿಲಾದ ಬಗೆ

ಆದರೆ ಕೊನೆಯ ಉಪಾಯವೆಂದು ತೆರೆದ ಬಾಗಿಲು ಕ್ರಮೇಣ ಹೇಗೆ ಅಗಲವಾಗುತ್ತದೆಂಬುದನ್ನೂ ನೋಡಬೇಕು. 2012ರಲ್ಲಿ ವರ್ಷಕ್ಕೆ 92 ಪ್ರಾಣಿಗಳಿಗೆ ಹೊಸ ಅನುಮತಿ ಬಂದಿತು. 2013ರಲ್ಲಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. 2018ರ ಡಿಸೆಂಬರ್‌ನಲ್ಲಿ ಹೊಸ ಕಾನೂನಾಗಿ, ನದಿಯ ನಿಗದಿತ ಭಾಗದಲ್ಲಿ ಪ್ರಾಣಿಯನ್ನು ಬಿಡಿಯಾಗಿ ಗುರುತಿಸಬೇಕೆಂಬ ನಿಬಂಧನೆಯೇ ಹೋಯಿತು. ಅಲ್ಲಿ ಕಂಡದ್ದೇ ಅಪರಾಧವಾಯಿತು. 2020ರ ಆಗಸ್ಟ್‌ನಲ್ಲಿ ಐದು ವರ್ಷಗಳಿಗೆ 540 ಕ್ಯಾಲಿಫೋರ್ನಿಯಾ ಮತ್ತು 176 ಸ್ಟೆಲ್ಲರ್ ಕಡಲಸಿಂಹಗಳವರೆಗೆ ಕೊಲ್ಲಲು ಅನುಮತಿ ದೊರೆಯಿತು. ಕೆಲವು ಗುರುತಿಸಿದ ಪ್ರಾಣಿಗಳಿಂದ ಆರಂಭವಾದದ್ದು ನೂರಾರಕ್ಕೆ ತಲುಪಿತು. ಒಂದನ್ನು ತೆಗೆದರೆ ಇನ್ನೊಂದು ಬರುತ್ತದೆ, ಏಕೆಂದರೆ ಗೋಡೆ ಅಲ್ಲಿಯೇ ಇದೆ, ಅದರ ಬುಡದಲ್ಲಿ ಮೀನೂ ನಿಂತೇ ಇರುತ್ತದೆ.

ಕೊಲ್ಲುವ ಪರಿಹಾರ ಹೇಗೆ ತಿರುಗಿ ಬೀಳಬಲ್ಲದೆಂಬುದಕ್ಕೆ ಅದೇ ನದಿಯ ಅಳಿವೆಯಲ್ಲಿ ಪಾಠವಿದೆ. ಈಸ್ಟ್ ಸ್ಯಾಂಡ್ ಎಂಬ ನಡುಗಡ್ಡೆಯಲ್ಲಿ ಗೂಡುಕಟ್ಟುವ ನೀರುಕಾಗೆಗಳು ಸಾಲ್ಮನ್ ಮರಿಗಳನ್ನು ತಿನ್ನುತ್ತವೆಂದು 2015ರಿಂದ ಅವುಗಳನ್ನು ಸಾವಿರಗಟ್ಟಲೆ ಗುಂಡಿಕ್ಕಿ ಕೊಲ್ಲಲಾಯಿತು. ಮೊಟ್ಟೆಗಳಿಗೆ ಎಣ್ಣೆ ಬಳಿದು ಮರಿಯಾಗದಂತೆ ಮಾಡಲಾಯಿತು. 2016ರಲ್ಲಿ ಸಾವಿರಾರು ಹಕ್ಕಿಗಳು ಗೂಡುಗಳನ್ನು ತೊರೆದು ಎದ್ದುಹೋದವು. ಬಹಳಷ್ಟು ಹಕ್ಕಿಗಳು ಮೇಲ್ಭಾಗದ ಆಸ್ಟೋರಿಯಾ ಪಟ್ಟಣದ ಸೇತುವೆಯ ಮೇಲೆ ನೆಲೆಯೂರಿದವು. ನಡುಗಡ್ಡೆಯ ಸುತ್ತ ಅವುಗಳಿಗೆ ಕಡಲ ಮೀನೂ ದೊರೆಯುತ್ತಿತ್ತು. ಸೇತುವೆಯ ಬಳಿ ಸಿಗುವುದು ಹೆಚ್ಚಾಗಿ ನದಿಯ ಮೀನು. ಪರಿಣಾಮವಾಗಿ ಒಂದೊಂದು ಹಕ್ಕಿಯೂ ಮೊದಲಿಗಿಂತ ಹೆಚ್ಚು ಸಾಲ್ಮನ್ ಮರಿಗಳನ್ನು ತಿನ್ನತೊಡಗಿತು.

ನದಿಗೆ ದಾರಿ ಬಿಟ್ಟಲ್ಲಿ

ಹಾಗಾದರೆ ಮಾಡಬೇಕಾದುದೇನು? ಉತ್ತರವು ಹೊಸದಲ್ಲ, ಕಾಣದ್ದೂ ಅಲ್ಲ. ಮರಿಗಳು ಇಳಿಯುವ ಕಾಲದಲ್ಲಿ ಟರ್ಬೈನಿಗೆ ಬದಲು ಕೋಡಿಯ ಮೇಲಿಂದ ಹೆಚ್ಚು ನೀರು ಬಿಡುವುದು, ಏಣಿಯ ಬಾಯನ್ನು ಕಡಲಸಿಂಹಗಳಿಂದ ರಕ್ಷಿಸುವುದು, ತೊರೆಗಳ ದಡಕ್ಕೆ ಮರ ನೆಟ್ಟು ನೀರನ್ನು ತಂಪಾಗಿಡುವುದು, ಮತ್ತು ಲಾಭಕ್ಕಿಂತ ನಷ್ಟವೇ ಹೆಚ್ಚಾದ ಅಣೆಕಟ್ಟುಗಳನ್ನು ತೆಗೆಯುವುದು.

ಕೊನೆಯದು ಕನಸಿನ ಮಾತಲ್ಲ. ವಾಷಿಂಗ್ಟನ್ ರಾಜ್ಯದ ಎಲ್ವಾ ನದಿಯ ಎರಡು ಅಣೆಕಟ್ಟುಗಳನ್ನು 2011ರಿಂದ 2014ರ ನಡುವೆ ಕೆಡವಲಾಯಿತು; ಮೀನು ಮೇಲಕ್ಕೇರಿತು. ಆರೆಗಾನ್ ಮತ್ತು ಕ್ಯಾಲಿಫೋರ್ನಿಯಾಗಳಲ್ಲಿ ಹರಿಯುವ ಕ್ಲಾಮತ್ ನದಿಯಲ್ಲಿ 2002ರಲ್ಲಿ, ಇಳಿದ ಹರಿವಿನ ಬೆಚ್ಚನೆಯ ನೀರಿನಲ್ಲಿ ರೋಗ ಹರಡಿ, 30 ಸಾವಿರಕ್ಕಿಂತ ಹೆಚ್ಚು ಬಲಿತ ಸಾಲ್ಮನ್‌ಗಳು ಸತ್ತಿದ್ದವು. ಮೂಲನಿವಾಸಿಗಳು ಇಪ್ಪತ್ತು ವರ್ಷ ಬಿಡದೆ ಹೋರಾಡಿದರು. 2024ರಲ್ಲಿ ಅಲ್ಲಿನ ನಾಲ್ಕು ಅಣೆಕಟ್ಟುಗಳನ್ನು ತೆಗೆದುಹಾಕುವ ಕೆಲಸ ಪೂರ್ಣಗೊಂಡಿತು. ಆ ಅಕ್ಟೋಬರ್‌ನಲ್ಲಿಯೇ, ಕಡಲಿನಿಂದ ಸುಮಾರು 370 ಕಿಲೋಮೀಟರ್ ಮೇಲಿನ ತೊರೆಯೊಂದರಲ್ಲಿ ಚಿನೂಕ್ ಕಾಣಿಸಿತು. 1912ರ ನಂತರ ಅಲ್ಲಿಗೆ ಅದೇ ಮೊದಲು. ನೂರು ವರ್ಷ ಮುಚ್ಚಿದ ದಾರಿಯನ್ನು ಮೀನು ಕೆಲವೇ ವಾರಗಳಲ್ಲಿ ಹುಡುಕಿಕೊಂಡಿತು.

ಸ್ನೇಕ್ ನದಿಯ ವಿಷಯದಲ್ಲಿ ಮಾತ್ರ ದಾರಿ ಹಿಂದಕ್ಕೂ ಮುಂದಕ್ಕೂ ಜಗ್ಗಾಡಿದೆ. ಅಲ್ಲಿನ ನಾಲ್ಕು ಅಣೆಕಟ್ಟುಗಳಿಗೆ ಪರ್ಯಾಯಗಳನ್ನು ಸಿದ್ಧಪಡಿಸುವ ಒಪ್ಪಂದವು 2023ರ ಡಿಸೆಂಬರ್‌ನಲ್ಲಿ ಒಕ್ಕೂಟ ಸರ್ಕಾರ, ಎರಡು ರಾಜ್ಯಗಳು ಮತ್ತು ಮೂಲನಿವಾಸಿ ಜನಾಂಗಗಳ ನಡುವೆ ಆಗಿತ್ತು. 2025ರ ಜೂನ್‌ನಲ್ಲಿ ಅಧ್ಯಕ್ಷ ಟ್ರಂಪ್ ಆಡಳಿತ ಅದರಿಂದ ಹಿಂದೆ ಸರಿಯಿತು. ಆ ಗೋಡೆಗಳಿಂದ ವಿದ್ಯುತ್ತು, ದೋಣಿಸಾಗಣೆ, ನೀರಾವರಿಯ ಲಾಭ ಪಡೆಯುವವರು ಮತ ಹಾಕಬಲ್ಲರು, ವಾದಿಸಬಲ್ಲರು. ಕಡಲಸಿಂಹ ವಾದಿಸಲಾರದು. ಬೋನಿಗೆ ಬೀಳುವ ಪ್ರಾಣಿ ಯಾವುದೆಂಬುದು ಬಹಳಷ್ಟು ಸಲ ಇದರಿಂದಲೇ ತೀರ್ಮಾನವಾಗುತ್ತದೆ.

ಕೊಲ್ಲುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ಈ ದೂರದ ಪ್ರಕರಣ ಮಲೆನಾಡಿಗೇಕೆ ಎಂದು ಯಾರಾದರೂ ಕೇಳಬಹುದು. ಭಾರತದ ವನ್ಯಜೀವಿ ಕಾಯಿದೆಯ 62ನೆಯ ವಿಧಿಯಲ್ಲಿಯೂ ಒಂದು ಜೀವಿಯನ್ನು ನಿಗದಿತ ಪ್ರದೇಶದಲ್ಲಿ ನಿಗದಿತ ಕಾಲಕ್ಕೆ ಉಪದ್ರವಕಾರಿಯೆಂದು ಘೋಷಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕಿದೆ. 2015 ಮತ್ತು 2016ರಲ್ಲಿ ಬಿಹಾರದ ನೀಲಗಾಯಿ, ಉತ್ತರಾಖಂಡದ ಕಾಡುಹಂದಿ, ಹಿಮಾಚಲದ ಮಂಗಗಳ ವಿಷಯದಲ್ಲಿ ಆ ಅಧಿಕಾರ ಚಲಾವಣೆಗೆ ಬಂದಿತು. ಬೆಳೆ ಕಳೆದುಕೊಂಡ ರೈತನ ಸಂಕಟ ಸುಳ್ಳಲ್ಲ. ಅದನ್ನು ಪಟ್ಟಣದಲ್ಲಿ ಕುಳಿತು ಹಗುರಾಗಿ ಕಾಣುವುದು ಅನ್ಯಾಯ. ಆದರೆ ಎಂದಾದರೂ ಇಂಥ ಕೂಗು ಎದ್ದಾಗ ಊರಿನ ಸಭೆಯಲ್ಲಿ ಕೆಲವು ಪ್ರಶ್ನೆಗಳನ್ನು ಕೇಳಬೇಕೆಂದು ಕೊಲಂಬಿಯಾ ಕಲಿಸುತ್ತದೆ.

ಈ ಪ್ರಾಣಿ ಇಲ್ಲಿಗೆ ಬಂದದ್ದೇಕೆ? ಅದರ ಎಲೆಗೆ ಬಡಿಸಿದವರು ಯಾರು? ನಷ್ಟದ ಪೂರ್ತಿ ಲೆಕ್ಕದಲ್ಲಿ ಅದರ ಪಾಲೆಷ್ಟು, ಉಳಿದವರ ಪಾಲೆಷ್ಟು? ಉಳಿದವರಿಗೂ ಅದೇ ಅಳತೆಗೋಲೇ? ಕೊಂದ ಮೇಲೆ ಬರುವ ಇನ್ನೊಂದನ್ನು ಏನು ಮಾಡುವುದು? ಕೊಲ್ಲಲೇಬೇಕಾದ ಇಕ್ಕಟ್ಟು ನಿಜವಾಗಿ ಬಂದಿದ್ದರೆ, ಮೂಲ ಕಾರಣವನ್ನು ನೀಗುವ ಕೆಲಸಕ್ಕೆ ದಿನಾಂಕ ನಿಗದಿಯಾಗಿದೆಯೇ?

ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ. ಮೂಲ ರೋಗಕ್ಕೆ ಚಿಕಿತ್ಸೆ ನಡೆಯುತ್ತಿರುವಾಗ ತಾತ್ಕಾಲಿಕವಾಗಿ ಕೈಗೊಳ್ಳುವ ಕಠಿಣ ಕ್ರಮವನ್ನು ಸಹಿಸಬಹುದೇನೋ. ಚಿಕಿತ್ಸೆಯನ್ನೇ ಮುಂದೂಡಲು ನಡೆಸುವ ಕೊಲೆಯನ್ನು ಸಂರಕ್ಷಣೆಯೆಂದು ಕರೆಯಲಾಗದು. ಅದರಿಂದ ಕಡಲಸಿಂಹವೂ ಉಳಿಯದು, ಸಾಲ್ಮನ್ನೂ ಉಳಿಯದು. ಉಳಿಯುವುದು ಗೋಡೆ ಮಾತ್ರ.

ಬರುವ ಮುಂಗಾರಿನಲ್ಲಿ ಹಳ್ಳ ಏರುವ ಹತ್ತುಮೀನನ್ನು ವಿದ್ಯಾರ್ಥಿಗಳು ಒಮ್ಮೆ ನಿಂತು ನೋಡಲಿ. ಅದು ಎಲ್ಲಿಯವರೆಗೆ ಏರುತ್ತದೆ, ಯಾವ ಮೋರಿಯ ಬಳಿ, ಯಾವ ಒಡ್ಡಿನ ಬುಡದಲ್ಲಿ ನಿಲ್ಲುತ್ತದೆ, ಹಿಂದೆ ಎಲ್ಲಿಯವರೆಗೆ ಹೋಗುತ್ತಿತ್ತೆಂದು ಊರಿನ ಹಿರಿಯರು ಹೇಳುತ್ತಾರೆ ಎಂಬುದನ್ನು ಬರೆದಿಡಲಿ. ಅಲ್ಲಿ ಕಾದು ಕುಳಿತ ಕೊಕ್ಕರೆಯೂ ಕಂಡೀತು. ಕೊಕ್ಕರೆಗೆ ಕಲ್ಲೆಸೆಯುವ ಮೊದಲು ಮೀನಿಗೆ ಅಡ್ಡ ನಿಂತ ಕಲ್ಲನ್ನು ಸರಿಸಬಹುದೇ ಎಂದು ನೋಡುವುದು ಒಳ್ಳೆಯದು.